ವಾಮನರಾಯರ ಅಂಡಾಶಯ

ಅಂಗಗಳಿಗೂ ಹಾಜರಿ ಹಾಕುವ ಕಾಲ ಬಂದಿತ್ತು. ಮೊದಲಾದರೆ ಮನುಷ್ಯ ಕೆಲಸಕ್ಕೆ ಬಂದನೋ ಇಲ್ಲವೋ ಎಂದು ಕಚೇರಿಯವರು ನೋಡುತ್ತಿದ್ದರು. ಈಗ ಅವನ ಪಿತ್ತಕೋಶ ಕೆಲಸಕ್ಕೆ ಬಂತೋ ಇಲ್ಲವೋ ಎಂದು ಆಸ್ಪತ್ರೆಯವರು ನೋಡುತ್ತಿದ್ದರು. ಅದಕ್ಕೆ ದೊಡ್ಡ ಸಾಹಸವೇನೂ ಬೇಕಿರಲಿಲ್ಲ. ಎರಡು ಬೆರಳಗಲದ ರಬ್ಬರಿನ ಪಟ್ಟಿಯನ್ನು ತೋಳಿಗೆ ಕಟ್ಟಿಕೊಂಡರೆ ಅದು ಸೂಜಿ ಚುಚ್ಚದೆ, ಚರ್ಮದ ಮೇಲಿಂದಲೇ ಬೆಳಕು ಹಾಯಿಸಿ ರಕ್ತವನ್ನು ಓದುತ್ತಿತ್ತು. ಒಳಗೆ ಯಾವ ಗ್ರಂಥಿ ಏನನ್ನು ಎಷ್ಟು ಸುರಿಸುತ್ತಿದೆ ಎಂದು ಹೇಳುತ್ತಿತ್ತು. ಹೇಳುತ್ತಿದ್ದುದು ರೋಗಿಗಲ್ಲ, ಹುಬ್ಬಳ್ಳಿಯ ಒಂದು ಆಸ್ಪತ್ರೆಯ ಮೇಲಂತಸ್ತಿನಲ್ಲಿ ಕೂತಿದ್ದ ‘ನಿರ್ಣಾಯಕ’ ಎಂಬ ಯಂತ್ರಕ್ಕೆ. ಯಾರಿಗಾದರೂ ಶಸ್ತ್ರಕ್ರಿಯೆ ಮಾಡುವ ಪ್ರಸಂಗ ಬಂದರೆ, ಅಕ್ಕಪಕ್ಕದಲ್ಲಿ ಸುಮ್ಮನೆ ಕೂತ ಅಂಗ ಯಾವುದಿದೆ ಎಂದು ಯಂತ್ರ ಒಂದು ವಾರ ಕಣ್ಣಿಡುತ್ತಿತ್ತು. ಇದ್ದರೆ ಅದನ್ನೂ ಅದೇ ಕೈಯಲ್ಲಿ ತೆಗೆದುಬಿಡಬೇಕು. ಕೆಲಸವಿಲ್ಲದ್ದು ಒಳಗಿದ್ದರೆ ಮುಂದೆಂದಾದರೂ ಕೆಟ್ಟು ಗಡ್ಡೆಯಾದೀತು ಎಂಬುದು ನಿಯಮ ಮಾಡಿದವರ ತರ್ಕ. ನಿಯಮ ಮಾಡಿದವರ ಮೆದುಳಿಗೆ ಮಾತ್ರ ಯಾರೂ ಪಟ್ಟಿ ಕಟ್ಟಿ ನೋಡಿರಲಿಲ್ಲ.

ಧಾರವಾಡದ ಮಾಳಮಡ್ಡಿಯ ವೈಜಯಂತಿಗೆ ಗರ್ಭಕೋಶ ಜಾರಿತ್ತು. ಕೂತರೆ, ಎದ್ದರೆ, ಸೀನಿದರೆ ಕೆಳಗೆ ಏನೋ ಇಳಿದಂತಾಗುತ್ತಿತ್ತು. ಅದನ್ನು ತೆಗೆಯುವುದೇ ವಾಸಿ ಎಂದು ಡಾಕ್ಟರು ಹೇಳಿದಾಗ ಅವಳು ಎರಡು ಮಾತಾಡದೆ ಒಪ್ಪಿದಳು. ಆಮೇಲೆ ಅವಳನ್ನು ಮೇಲಂತಸ್ತಿಗೆ ಕಳಿಸಿದರು. ಅಲ್ಲಿ ನಿರ್ಣಾಯಕನನ್ನು ನೋಡಿಕೊಳ್ಳುವ ಅಕ್ಷತಾ ಹೊಸಮನಿ ಎಂಬ ಹುಡುಗಿ ಅವಳ ತೋಳಿಗೆ ಪಟ್ಟಿ ಬಿಗಿಯುತ್ತ ಅಂಡಾಶಯದ ಮಾತು ತೆಗೆದಳು.

“ಗರ್ಭಕೋಶಕ್ಕ ನನ್ನ ತಕರಾರಿಲ್ಲವ್ವಾ,” ಅಂದಳು ವೈಜಯಂತಿ. “ಅದು ತಾನಾಗೇ ಹೊರಗ ಹೊಂಟದ. ಆದ್ರ ಅಂಡಾಶಯ ಪಾಪ ಏನು ಮಾಡ್ಯಾವ?”

“ಏನೂ ಮಾಡಿಲ್ಲ ಅನ್ನೂದೇ ತಕರಾರು ಅಕ್ಕಾರ. ಮುಟ್ಟು ನಿಂತ ಮ್ಯಾಲೆ ಅವು ಸುಮ್ಮನ ಕುಂತಿರ್ತಾವು.”

“ಎಷ್ಟು ದೊಡ್ಡವು ಅವು?”

“ಈಗ ಬದಾಮಿಯಷ್ಟು ಆಗಿರಬೇಕ್ರಿ.”

“ಎರಡು ಬದಾಮಿಗೆ ಜಾಗಾ ಇಲ್ಲೇನು ನನ್ನ ಹೊಟ್ಟ್ಯಾಗ?”

ಅಕ್ಷತಾ ನಕ್ಕಳು. ಒಳ್ಳೆಯ ಹುಡುಗಿ, ಆದರೆ ನಿಯಮ ಅವಳದಲ್ಲ. “ಒಂದು ವಾರ ಟೈಮ್ ಐತ್ರಿ. ಈಸ್ಟ್ರೋಜೆನ್ ಅಂತ ಹೆಂಗಸರ ಹಾರ್ಮೋನು. ಅದು ಸ್ವಲ್ಪರೆ ಕಂಡ್ರ ಸಾಕು, ಯಂತ್ರ ಬಿಟ್ಟು ಬಿಡತೈತಿ. ಪಟ್ಟಿ ಮಾತ್ರ ತೆಗೀಬ್ಯಾಡ್ರಿ. ಮೈಯ ಬಿಸಿ ತಪ್ಪಿದ್ರ ಅಂಬುಲೆನ್ಸ್ ಹಂಗ ಒದರತೈತಿ, ಪರೀಕ್ಷೆ ಕೆಟ್ಟು ಹೋಗತೈತಿ.”

ಯಾರ ಮೈಯ ಬಿಸಿ ಎಂದು ಪಟ್ಟಿ ಕೇಳುತ್ತಿರಲಿಲ್ಲ. ಅಂಡಾಶಯದ ಪರೀಕ್ಷೆಗೆ ಬೇರೆಯವರು ಯಾರಾದರೂ ತೋಳು ಚಾಚಿಯಾರು ಎಂದು ಅದನ್ನು ಮಾಡಿದ ಯಾರ ತಲೆಗೂ ಹೊಳೆದಿರಲಿಲ್ಲ.

ಬಸ್ಸಿನಲ್ಲಿ ಕೂತು ಧಾರವಾಡಕ್ಕೆ ಹಿಂತಿರುಗುವಾಗ ವೈಜಯಂತಿಗೆ ನಾದಿನಿ ಮಾಲತಿಯ ನೆನಪಾಯಿತು. ಐವತ್ತು ತುಂಬುವ ಮೊದಲೇ ಮಾಲತಿಯ ಹೊಟ್ಟೆಯಿಂದ ಎಲ್ಲವನ್ನೂ ಒಟ್ಟಿಗೆ ತೆಗೆದಿದ್ದರು. ಗಾಯ ಬೇಗ ಮಾಯಿತು. ಆದರೆ ಅಂದಿನಿಂದ ಅವಳೊಳಗಿನ ದೀಪವನ್ನು ಯಾರೋ ಸಣ್ಣ ಮಾಡಿದಂತಾಯಿತು. ಸಾರು ಹೇಗಿದೆ ಎಂದರೆ ಚಲೋ ಅದ ಎನ್ನುತ್ತಿದ್ದಳು. ಉಪ್ಪು ಹಾಕುವುದನ್ನೇ ಮರೆತಿದ್ದರೂ ಚಲೋ ಅದ ಎನ್ನುತ್ತಿದ್ದಳು. ಜಗಳಗಂಟಿಯಾಗಿದ್ದವಳು ಜಗಳ ಬಿಟ್ಟಳು. ಮನೆಯವರು ಅದನ್ನು ಸಂಭಾವಿತತನ ಎಂದು ಮೆಚ್ಚಿಕೊಂಡರು. ವೈಜಯಂತಿಗೆ ಮಾತ್ರ ಅವಳ ಜೊತೆ ಆಡುತ್ತಿದ್ದ ಜಗಳಗಳೆಲ್ಲ ಬೇಕೆನಿಸುತ್ತಿದ್ದವು.

ಇನ್ನೊಂದು ಮಾತಿತ್ತು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಮುಟ್ಟು ನಿಂತ ಹೊಸದರಲ್ಲಿ ಮೈ ಕಾದ ಹಂಚಾಗಿತ್ತು, ನಿಜ. ಅದು ತಣಿದ ಮೇಲೆ ಯಾವುದೋ ಹೊಸ ಚೈತನ್ಯ ಬಂದು ಅವಳೊಳಗೆ ಮನೆ ಮಾಡಿತ್ತು. ದನಿ ಒಂದು ಮೆಟ್ಟಿಲು ಕೆಳಗಿಳಿದು, ಭಜನಾ ಮಂಡಳಿಯವರು ಅವಳನ್ನು ಹಿಂದಿನ ಸಾಲಿಗೆ ಕಳಿಸಿದ್ದರು. ಆ ದಪ್ಪ ದನಿಯಲ್ಲಿ ಹಾಡುವುದು ಅವಳಿಗೆ ಭಾರಿ ಹಿಡಿಸಿತ್ತು. ಸಭೆಗಳಲ್ಲಿ ಎದ್ದು ನಿಂತು ಇಲ್ಲ ಎನ್ನಲು ಬಂದಿತ್ತು. ಕೆಲವು ಮಧ್ಯಾಹ್ನ, ಪೇಪರು ಮುಖದ ಮೇಲೆ ಹಾಕಿಕೊಂಡು ಮಲಗಿದ ಗಂಡನನ್ನು ನೋಡಿದರೆ, ಈ ವಯಸ್ಸಿನಲ್ಲಿ ಬರಬಾರದೆಂದು ಅವಳು ತಿಳಿದಿದ್ದ ಆಸೆಯೂ ಬರುತ್ತಿತ್ತು. ಪೇಪರು ಮೇಲೆ ಕೆಳಗೆ ಆಡುವುದನ್ನು ನೋಡಿ ಸುಮ್ಮನಾಗುತ್ತಿದ್ದಳು. ಇದೆಲ್ಲದರ ಜೊತೆ ಗದ್ದದ ಮೇಲೆ ಮೂರು ಗಡಸು ಕೂದಲೂ ಬಂದಿದ್ದವು. ಅವನ್ನು ಚಿಮಟಿಗೆಯಿಂದ ಕೀಳುವುದು, ಅವು ಮತ್ತೆ ಹಟ ಮಾಡಿ ಬರುವುದು ನಡೆದೇ ಇತ್ತು.

ಈ ಚೈತನ್ಯ ಎಲ್ಲಿಂದ ಬಂತೋ ಅವಳಿಗೆ ಗೊತ್ತಿರಲಿಲ್ಲ. ಆದರೆ ಎಲ್ಲಿಂದಲೋ ಬಂದದ್ದನ್ನು ಎಲ್ಲಿಗೋ ಕಳಕೊಳ್ಳುವ ಭಯ ಮಾತ್ರ ಹೊಟ್ಟೆಯಲ್ಲಿ ಕೂತುಬಿಟ್ಟಿತು.

ಮನೆಯಲ್ಲಿ ಮೂವರೇ. ಬ್ಯಾಂಕಿನಿಂದ ನಿವೃತ್ತರಾದ ಗಂಡ ವಾಮನರಾಯರು, ಎಂಬತ್ತು ದಾಟಿದ ಅತ್ತೆ ಸುಂದರಾಬಾಯಿ, ಅವಳು. ಸುಂದರಾಬಾಯಿಯವರದು ಬಲು ಕಟ್ಟುನಿಟ್ಟಿನ ಮಡಿ. ಸ್ನಾನ ಮಾಡಿ, ಯಾರೂ ಮುಟ್ಟದಂತೆ ಒಣಗಿಸಿದ ಸೀರೆ ಉಟ್ಟು, ಆಮೇಲೆ ಯಾರನ್ನೂ ಏನನ್ನೂ ತಾಗಿಸಿಕೊಳ್ಳದೆ ಅಡಿಗೆ ಮಾಡಬೇಕು. ಮುಟ್ಟಾಗುತ್ತಿದ್ದ ಕಾಲದಲ್ಲಿ ತಿಂಗಳಿಗೆ ಮೂರು ದಿನ ವೈಜಯಂತಿಯನ್ನು ಹೊರಗೆ ಕೂರಿಸುತ್ತಿದ್ದರು. ಅವಮಾನವೆನಿಸುತ್ತಿದ್ದರೂ ಆ ಮೂರು ದಿನ ಅವಳು ಗೋಡೆಗೊರಗಿ ಹಾಯಾಗಿ ಕಾದಂಬರಿ ಓದುತ್ತಿದ್ದಳು. ಮುಟ್ಟು ನಿಂತಿತು, ರಜೆಯೂ ನಿಂತಿತು. ಈಗ ಮನೆಯ ಮಡಿ ಉಪ್ಪಿನಕಾಯಿ, ನೆಂಟರ ಮನೆಯ ಶ್ರಾದ್ಧದ ಅಡಿಗೆ, ಎಲ್ಲಕ್ಕೂ ವೈಜಯಂತಿಯೇ. ನಿವೃತ್ತವಾದದ್ದು ಅಂಡಾಶಯವಂತೆ, ದುಡಿಯುವುದು ಅದರ ಒಡತಿ.

ಮೊದಲ ದಿನ ಸಂಜೆ ಮೊಬೈಲಿಗೆ ಸಂದೇಶ ಬಂತು: ‘ಉತ್ಪಾದನೆ ಇಲ್ಲ.’ ಮರುದಿನವೂ ಅದೇ. ವೈಜಯಂತಿ ಎಳ್ಳುಂಡೆ ತಿಂದಳು, ಮೆಂತ್ಯ ನೆನೆಸಿ ತಿಂದಳು, ದೇವರ ಮುಂದೆ ಕೂತು ದೇವರನ್ನು ಬಿಟ್ಟು ತನ್ನ ಹೊಟ್ಟೆಯನ್ನೇ ಬೇಡಿಕೊಂಡಳು. ‘ಉತ್ಪಾದನೆ ಇಲ್ಲ.’

“ಯಾವ ಕಾರ್ಖಾನೀದು ಸುದ್ದಿ ಅದು?” ಎಂದು ಕೇಳಿದರು ವಾಮನರಾಯರು.

“ನಂದು,” ಅಂದಳು ವೈಜಯಂತಿ.

ಅದರ ಮರುದಿನ ಉಪ್ಪಿನಕಾಯಿಯ ಮಾವು ಬಂತು. ವರ್ಷದ ಮಡಿ ಉಪ್ಪಿನಕಾಯಿ, ಮಾವು ಕಾಯುವುದಿಲ್ಲ. ಬೆಳಿಗ್ಗೆ ಬಚ್ಚಲಿಂದ ಬಂದ ವೈಜಯಂತಿಯ ತೋಳಿನ ಮೇಲೆ ಸುಂದರಾಬಾಯಿಯವರ ಕಣ್ಣು ಬಿತ್ತು.

“ಅದೇನಽ ಅದು ತೋಳಿಗೆ? ಆಸ್ಪತ್ರೀದು? ರಬ್ಬರು? ಊರ ಮಂದಿ ಎಲ್ಲಾ ಕಟ್ಟಿಕೊಂಡು ಬಿಚ್ಚಿದ್ದು ಮಡೀಯೊಳಗ ಹ್ಯಾಂಗ ಬರ್ತದ?”

“ತೆಗದ್ರ ಒದರ್ತದ ಅತ್ಯಾರ. ಪರೀಕ್ಷಾ ಕೆಡ್ತದ.”

“ಬಿಸಿ ಇದ್ರ ಒದರೂದಿಲ್ಲಲ್ಲ? ವಾಮ್ಯಾ ಖಾಲಿ ಕೂತಾನ. ಅವನ ಕೈಗೆ ಕಟ್ಟು. ಅವನು ಹ್ಯಾಂಗೂ ಮೈಲಿಗಿ.”

ಬೇರೆ ಯಾವ ಮನೆಯಲ್ಲೂ ಹೊಳೆಯದ ಉಪಾಯ ಈ ಮನೆಯಲ್ಲಿ ಇಷ್ಟು ಸಲೀಸಾಗಿ ಹೊಳೆಯಿತು. ವಾಮನರಾಯರು ಪೇಪರಿನಿಂದ ತಲೆಯೆತ್ತದೆ ತೋಳು ಚಾಚಿದರು. ಪಟ್ಟಿ ಒಂದು ಸಲ ಕುಂಯ್ ಎಂದು ಸುಮ್ಮನಾಯಿತು. ವೈಜಯಂತಿ ಮತ್ತೊಮ್ಮೆ ಮಿಂದು ಒಳಗೆ ಹೋದವಳು ಸಾಸಿವೆ, ಮೆಂತ್ಯ, ಖಾರಪುಡಿಯ ನಡುವೆ ಪಟ್ಟಿಯನ್ನು ಮರೆತೇಬಿಟ್ಟಳು. ಸಂಜೆ ಮೊಬೈಲು ಸದ್ದು ಮಾಡಿತು.

‘ಅಭಿನಂದನೆಗಳು. ನಿಮ್ಮ ಅಂಡಾಶಯದ ಉತ್ಪಾದನೆ ಉತ್ತಮವಾಗಿದೆ.’

ವೈಜಯಂತಿ ಭರಣಿಯ ಬಾಯಿಗೆ ಕಟ್ಟುತ್ತಿದ್ದ ಬಟ್ಟೆಯನ್ನು ಅರ್ಧಕ್ಕೇ ಬಿಟ್ಟು ಕುಣಿದಾಡುವುದೊಂದು ಬಾಕಿ. ಮಡಿ ಬಿಟ್ಟು ಪಟ್ಟಿಯನ್ನು ಮತ್ತೆ ತಾನು ಕಟ್ಟಿಕೊಂಡಳು. ಬೆಳಗಾಗುವಷ್ಟರಲ್ಲಿ: ‘ಉತ್ಪಾದನೆ ಇಲ್ಲ.’ ಆ ದಿನ ಉಳಿದ ಮಾವಿಗೆ ಮತ್ತೆ ಮಡಿ, ಪಟ್ಟಿ ಮತ್ತೆ ರಾಯರ ತೋಳಿಗೆ. ಸಂಜೆ ಮತ್ತೆ ಅಭಿನಂದನೆ. ವೈಜಯಂತಿ ಸಂದೇಶವನ್ನು ಅತ್ತೆಗೆ ಓದಿ ಹೇಳಿದಳು. ಸುಂದರಾಬಾಯಿಯವರು ಕೈಯೊಳಗಿನ ಹೂಬತ್ತಿ ಕೆಳಗಿಟ್ಟರು.

“ನಿನ್ನ ಕೈಯಾಗಿದ್ರ ನಿಂತು ಹೋಗ್ತದ, ಅವನ ಕೈಯಾಗಿದ್ರ ನಡೀತದ. ಯಂತ್ರಕ್ಕೂ ಗಂಡಸರ ಮಾತಿನ ಮ್ಯಾಲೇ ನಂಬಿಕಿ ನೋಡು.”

ವೈಜಯಂತಿ ಸಂದೇಶಗಳನ್ನು ಮೊದಲಿಂದ ಮತ್ತೆ ಓದಿದಳು. ಹಾಗಾದರೆ ತನ್ನದು ನಿಜಕ್ಕೂ ನಿಂತಿದೆ. ಬದಾಮಿಗಳು ಮಲಗಿವೆ. ನಾಳೆ ನಾಡಿದ್ದರಲ್ಲಿ ತೆಗೆಯುತ್ತಾರೆ.

“ಸಪ್ಪಗ ಯಾಕ ಆದಿ? ಪರೀಕ್ಷಾ ಮುಗಿಯೂತನಕ ಅವನೇ ಕಟ್ಟಿಕೊಳ್ಳಲಿ,” ಅಂದರು ಸುಂದರಾಬಾಯಿ.

“ಮೋಸ ಆಗ್ತದ ಅತ್ಯಾರ.”

“ಏನು ಮೋಸ? ನಾಳಿಂದ ಸಂಡಿಗಿ ಹಾಕೂಣು. ಮಡೀಲೆ.”

“ಸಂಡಿಗಿ ಯಾವಾಗ ಮಡೀಲೆ ಹಾಕೀವಿ ನಾವು?”

“ಈ ವರ್ಷದಿಂದ.” ಸುಂದರಾಬಾಯಿ ಮತ್ತೆ ಹೂಬತ್ತಿ ಹೊಸೆಯತೊಡಗಿದರು. ಕಣ್ಣು ಬತ್ತಿಯ ಮೇಲೇ ಇತ್ತು. “ನಮ್ಮ ಮಾಲತೀನ ನೋಡೇನಿ ನಾ. ಹೆತ್ತಾಕಿ ಇದ್ದೇನಿ, ನನಗ ಕಾಣೂದಿಲ್ಲೇನು? ಮೊನ್ನೆ ಬಂದಾಗ ಆಕೀಗೆ ಬೇಕಂತ ಬೈದೆ. ತಿರುಗಿ ಬೈಯಲಿಲ್ಲ. ಇನ್ನೊಬ್ಬಾಕಿ ಹಂಗ ಆಗೂದು ಬ್ಯಾಡ.”

ಸಂಡಿಗೆಯಾಯಿತು, ಹಪ್ಪಳವಾಯಿತು, ಮಡಿಯಲ್ಲಿ ಮೆಂತ್ಯದ ಹಿಟ್ಟು ಬೀಸಿದ್ದಾಯಿತು. ಇಷ್ಟೊಂದು ಪವಿತ್ರವಾದ ಮೋಸವನ್ನು ಮಾಳಮಡ್ಡಿ ಕಂಡಿರಲಿಲ್ಲ. ರಾತ್ರಿಯೂ ಪಟ್ಟಿ ರಾಯರ ಬಳಿಯೇ ಉಳಿಯಿತು. “ನನಗ ಹಿತ ಅನಸ್ತದ, ಇರಲಿ ಬಿಡು,” ಎಂದು ಅವರೇ ಹೇಳಿದರು. ಅದರೊಳಗಿನ ಗುಟ್ಟು ಅವರಿಗೆ ಯಾರೂ ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಮೂವತ್ತೈದು ವರ್ಷ ಸಂಸಾರ ಮಾಡಿದ ಗಂಡಸು, ಹೆಂಡತಿ ಕಟ್ಟಿದ್ದನ್ನು ಕಟ್ಟಿಸಿಕೊಳ್ಳುವುದರಲ್ಲೇ ಶಾಂತಿಯಿದೆ ಎಂದು ಅರಿತಿದ್ದರು.

ವಾರ ತುಂಬಿದ ಮೇಲೆ ಇಬ್ಬರೂ ಹುಬ್ಬಳ್ಳಿಗೆ ಹೋದರು. ಮರುದಿನ ಶಸ್ತ್ರಕ್ರಿಯೆ. ಅಕ್ಷತಾ ಪಟ್ಟಿಯನ್ನು ಯಂತ್ರಕ್ಕೆ ಜೋಡಿಸಿ, ಪರದೆಯ ಮೇಲೆ ಬಂದದ್ದನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದಳು.

“ಅಕ್ಕಾರ, ಯಂತ್ರ ಏನ್ ಹೇಳತೈತಿ ಅಂದ್ರ, ನಿಮ್ಮ ಅಂಡಾಶಯ ಛಲೋ ಕೆಲಸ ಮಾಡಾಕತ್ತಾವು, ತೆಗೀಬ್ಯಾಡ್ರಿ ಅಂತ.”

ವೈಜಯಂತಿ ಚೀಲ ಎತ್ತಿಕೊಂಡು ಏಳಹೊರಟಳು.

“ಇನ್ನೊಂದು ಸಾಲು ಐತ್ರಿ. ನಿಮ್ಮ ಪ್ರಾಸ್ಟೇಟ್ ಗ್ರಂಥಿ ಸ್ವಲ್ಪ ದಪ್ಪ ಆಗೇತಂತ. ತೋರಿಸಿಕೋಬೇಕಂತ.”

“ಹೌದ್ರಿ,” ಅಂದುಬಿಟ್ಟರು ವಾಮನರಾಯರು. “ರಾತ್ರಿ ನಾಕ ಸಲ ಏಳ್ತೀನಿ.”

ಅಕ್ಷತಾ ಗಂಡ ಹೆಂಡತಿ ಇಬ್ಬರನ್ನೂ ನೋಡಿದಳು. ಯಂತ್ರ ಮಾತ್ರ ತನ್ನ ಪಾಡಿಗೆ ಗುಂಯ್ ಎನ್ನುತ್ತಿತ್ತು. ಹೆಂಗಸರ ಅಂಡಾಶಯವೂ ಗಂಡಸರಿಗಷ್ಟೇ ಇರುವ ಪ್ರಾಸ್ಟೇಟೂ ಒಂದೇ ಮೈಯಲ್ಲಿರುವುದು ಅದಕ್ಕೆ ಕಿಂಚಿತ್ತೂ ವಿಚಿತ್ರವೆನಿಸಿರಲಿಲ್ಲ. ಎರಡೂ ಹಾಜರಿದ್ದವು, ಅಷ್ಟೆ.

ಅಕ್ಷತಾ ತುಟಿ ಕಚ್ಚಿಕೊಂಡಳು, ಕೆಮ್ಮಿದಳು, ಕೊನೆಗೆ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. “ಯಾರ ಕೈಯಾಗಿತ್ರಿ ಇದು?”

ವೈಜಯಂತಿ ಎಲ್ಲವನ್ನೂ ಹೇಳಿದಳು. ಮಾವು, ಮಡಿ, ಸಂಡಿಗೆ, ಅತ್ತೆ. ಅವಳು ಹೇಳುತ್ತ ಹೋದಂತೆ ವಾಮನರಾಯರ ಮುಖ ಬಿಳಿಚಿತು.

“ಅಂದ್ರ ನನಗ ಅಂಡಾಶಯ ಅದ ಅಂತೀರೇನು?”

“ಇಲ್ರಿ ಸರ್. ಹೊಟ್ಟಿ ಐತಿ,” ಅಂದಳು ಅಕ್ಷತಾ. “ಬೊಜ್ಜಿಗೆ ಒಂದು ಚಾಳಿ ಐತ್ರಿ. ಗಂಡಸರ ಹಾರ್ಮೋನು ಸಿಕ್ರ ಅದನ್ನ ಹೆಂಗಸರ ಹಾರ್ಮೋನು ಮಾಡಿ ಇಡತೈತಿ. ನಿಮ್ಮ ವಯಸ್ಸಿನ ಗಂಡಸರ ರಕ್ತದಾಗ ಈಸ್ಟ್ರೋಜೆನ್ನು ಅಕ್ಕಾರ ವಯಸ್ಸಿನ ಹೆಂಗಸರಿಗಿಂತ ಜಾಸ್ತಿ ಇರತೈತಿ.”

ವಾಮನರಾಯರು ತಮ್ಮ ಹೊಟ್ಟೆಯನ್ನು ಹೊಸದಾಗಿ ಪರಿಚಯವಾದವರಂತೆ ನೋಡಿಕೊಂಡರು.

ನಗು ಇಳಿದ ಮೇಲೆ ಅಕ್ಷತಾ ಮೆಲ್ಲಗೆ ಹೇಳಿದಳು: “ಆದ್ರ ಅಕ್ಕಾರ, ಈಗ ಪಟ್ಟಿ ನಿಮ್ಮ ಕೈಯಾಗಿದ್ದ ದಿನಗಳನ್ನಷ್ಟೇ ಯಂತ್ರಕ್ಕ ಕೊಡಬೇಕಾಗತೈತಿ. ಅದರಾಗ ಏನೂ ಇಲ್ಲ.”

ವೈಜಯಂತಿ ತಲೆ ತಗ್ಗಿಸಿದಳು. ಕೈ ತಾನಾಗಿಯೇ ಗದ್ದಕ್ಕೆ ಹೋಯಿತು. ಪರೀಕ್ಷೆಯ ಚಿಂತೆಯಲ್ಲಿ ಈ ವಾರ ಚಿಮಟಿಗೆ ಹಿಡಿದಿರಲಿಲ್ಲ. ಮೂರೂ ಕೂದಲು ಬೆರಳಿಗೆ ಚುಚ್ಚಿದವು.

“ಗಂಡಸರ ಹಾರ್ಮೋನು ಅಂದೆಲ್ಲವ್ವಾ,” ಅಂದಳು. “ಅದು ಬರೇ ಗಂಡಸರಿಗೇನು? ಹಂಗಿದ್ರ ಇವು ಯಾರ ಮನೀವು?”

ಅಕ್ಷತಾ ಬಾಗಿ ಆ ಗದ್ದವನ್ನು ನೋಡಿದಳು. ನೋಡುತ್ತಿದ್ದವಳ ಮುಖ ಬದಲಾಯಿತು. ಸರಕ್ಕನೆ ತಿರುಗಿ ಪರದೆಯ ಮೇಲೆ ವೈಜಯಂತಿಯ ಮೊದಲ ದಿನಗಳನ್ನು ಮತ್ತೆ ತೆರೆದಳು. ಸೊನ್ನೆಯ ಸಪಾಟು ಗೆರೆಯ ಅಡಿಯಲ್ಲಿ ಬೂದು ಬಣ್ಣದಲ್ಲಿ ಇನ್ನೊಂದು ಗೆರೆ ಇತ್ತು. ಅದರ ಪಕ್ಕದಲ್ಲಿ ‘ಕಸ’ ಎಂದು ಬರೆದಿತ್ತು.

“ಇದನ್ನ ನಾನು ದಿನಾ ನೋಡತೇನ್ರಿ, ಎಲ್ಲಾ ಹೆಂಗಸರದ್ರಾಗೂ ಇರತೈತಿ. ಟೆಸ್ಟೋಸ್ಟಿರಾನು. ಅಂಡಾಶಯದ ಪಟ್ಟ್ಯಾಗ ಗಂಡಸರ ಹಾರ್ಮೋನು ಕಂಡ್ರ ಅದು ತಪ್ಪು, ತೆಗೆದು ಒಗೀರಿ ಅಂತ ಯಂತ್ರಕ್ಕ ಮೊದಲಿನವರು ಕಲಿಸಿಟ್ಟಾರ. ನಾನೂ ಯಾಕಂತ ಕೇಳಲಿಲ್ಲ.”

ಆದರೆ ಆ ಹಾರ್ಮೋನು ಮೂತ್ರಪಿಂಡದ ತಲೆಯ ಮೇಲಿನ ಗ್ರಂಥಿಯಿಂದಲೂ ಬಂದಿರಬಹುದಲ್ಲ? ಅಕ್ಷತಾ ವೈಜಯಂತಿಯನ್ನು ಮಂಚದ ಮೇಲೆ ಮಲಗಿಸಿ, ಹೊಟ್ಟೆಯ ಕೆಳಗೆ ಎರಡೂ ಬದಿಗೆ ಶಬ್ದದ ಅಲೆ ಹಾಯಿಸುವ ಬಿಲ್ಲೆಗಳನ್ನು ಇಟ್ಟಳು. ಅಂಡಾಶಯದೊಳಕ್ಕೆ ಹೋಗುವ ರಕ್ತದಲ್ಲಿ ಎಷ್ಟಿದೆ, ಅಲ್ಲಿಂದ ಹೊರಬರುವ ರಕ್ತದಲ್ಲಿ ಎಷ್ಟಿದೆ, ಇಷ್ಟೇ ನೋಡಬೇಕಾದದ್ದು. ಒಳಗೆ ಹೋಗುವಾಗ ಕಡಿಮೆಯಿದ್ದದ್ದು ಹೊರಬರುವಾಗ ಹೆಚ್ಚಾಗಿದ್ದರೆ, ಹೆಚ್ಚಿಸಿದವರು ಒಳಗಿದ್ದಾರೆ.

ಹೊರಬರುವಾಗ ಹೆಚ್ಚಿತ್ತು. ಎಡಗಡೆ ಹೆಚ್ಚಿತ್ತು, ಬಲಗಡೆಯೂ ಹೆಚ್ಚಿತ್ತು.

“ಮಲಗಿಲ್ರಿ ಅವು!” ಅಕ್ಷತಾ ಕೂಗಿದಳು. “ಈಸ್ಟ್ರೋಜೆನ್ನಿನ ಅಂಗಡಿ ಮುಚ್ಯಾವು, ಖರೆ. ಹಿತ್ತಲದಾಗ ಬ್ಯಾರೆ ಕಸಬು ನಡೆಸ್ಯಾವು. ಅವು ಕೊಟ್ಟಿದ್ರಾಗ ಒಂದಿಷ್ಟನ್ನ ನಿಮ್ಮ ಮೈಕೊಬ್ಬು ಹೆಂಗಸರ ಹಾರ್ಮೋನೂ ಮಾಡತೈತಿ. ಬ್ಯಾರೆ ಥರದ್ದು, ಶಕ್ತಿ ಕಡಿಮಿ. ಈ ಪಟ್ಟಿ ಅದರ ಗುರುತು ಹಿಡಿಯೂದಿಲ್ಲ.”

ವೈಜಯಂತಿ ಸೂರು ನೋಡುತ್ತ ಮಲಗಿದ್ದಳು. ಮುಚ್ಚಿದ ಬಾಯಿ, ಬಿಗಿದ ಬಟ್ಟೆ, ಮಾತಿಲ್ಲ ಕತೆಯಿಲ್ಲ, ಒಳಗೊಳಗೇ ಉಪ್ಪಿನಕಾಯಿ ಕಳಿಯುವ ಭರಣಿ ಕಣ್ಣ ಮುಂದೆ ಬಂತು. ದಪ್ಪ ದನಿ, ಸಭೆಯಲ್ಲಿ ಅಂದ ಇಲ್ಲ, ಮಧ್ಯಾಹ್ನದ ಆ ಆಸೆ. ಇವಿಷ್ಟಕ್ಕೂ ಅವಳು ಒಬ್ಬೊಬ್ಬರನ್ನು ಕಾರಣ ಮಾಡಿದ್ದಳು, ಒಮ್ಮೊಮ್ಮೆ ದೇವರನ್ನೂ. ಎಲ್ಲವೂ ಈ ಎರಡು ಬದಾಮಿಗಳ ಕೆಲಸವೋ ಏನೋ, ಯಾರು ಬಲ್ಲರು. ಅವಳ ಸ್ವಂತದ್ದೂ ಸ್ವಲ್ಪ ಇದ್ದೀತು. ಆದರೆ ಯಾರೂ ಕೇಳದೆ, ಯಾರೂ ಹೊಗಳದೆ ಅವು ದುಡಿದಿದ್ದವು. ಅವಳ ಮನೆತನದವೇ ಸರಿ.

ಅಕ್ಷತಾ ಬೂದು ಗೆರೆಯ ಪಕ್ಕದ ‘ಕಸ’ವನ್ನು ಅಳಿಸಿ, ಲೆಕ್ಕವನ್ನು ನಿರ್ಣಾಯಕನಿಗೆ ಮತ್ತೆ ಕೊಟ್ಟಳು. ಯಂತ್ರಕ್ಕೆ ಇದು ಹೊಸದು. ಅದು ಬಹಳ ಹೊತ್ತು ಗುಂಯ್‌ಗುಟ್ಟಿತು. ಆಮೇಲೆ ಪರದೆಯ ಮೇಲೆ ಅಕ್ಷರ ಮೂಡಿದವು: ‘ಅಂಗ ಕೆಲಸ ಮಾಡುತ್ತಿದೆ. ಕೆಲಸ ಬದಲಾಗಿದೆ. ಕೆಲಸದಲ್ಲಿರುವ ಅಂಗವನ್ನು ರೋಗಿಯ ಒಪ್ಪಿಗೆಯಿಲ್ಲದೆ ತೆಗೆಯುವಂತಿಲ್ಲ. ಇಡಬೇಕೆ, ತೆಗೆಯಬೇಕೆ?’

“ನಾ ಇಲ್ಲಿ ಬಂದಾಗಿಂದ ಇದು ಒಬ್ಬ ಹೆಂಗಸಿಗೂ ಈ ಪ್ರಶ್ನೆ ಕೇಳಿಲ್ರಿ,” ಅಂದಳು ಅಕ್ಷತಾ.

ವೈಜಯಂತಿ ಬಸ್ಸಿನಲ್ಲಿ ದೊಡ್ಡ ಭಾಷಣವನ್ನೇ ಸಿದ್ಧ ಮಾಡಿಕೊಂಡಿದ್ದಳು. ಮಾಲತಿಯ ಹೆಸರಿತ್ತು ಅದರಲ್ಲಿ, ನಿಯಮ ಮಾಡಿದವರಿಗೆ ನಾಲ್ಕು ಮಾತಿತ್ತು. ಕೇಳುವವರು ಸಿಕ್ಕ ಮೇಲೆ ಅದರ ಅಗತ್ಯ ಬೀಳಲಿಲ್ಲ.

“ಇರಲಿ,” ಅಂದಳು.

ಗರ್ಭಕೋಶ ಹೋಯಿತು, ಬದಾಮಿಗಳು ಉಳಿದವು. ವೈಜಯಂತಿ ಆಸ್ಪತ್ರೆಯಿಂದ ಮನೆಗೆ ಬಂದು ಹಾಸಿಗೆ ಬಿಟ್ಟೇಳುವ ಹೊತ್ತಿಗೆ ವಾಮನರಾಯರು ಬೇರೆಯೇ ಮನುಷ್ಯರಾಗಿದ್ದರು. ಧಾರಾವಾಹಿಯಲ್ಲಿ ಯಾರೋ ಸತ್ತರೆ ಕಣ್ಣೊರೆಸಿಕೊಂಡು “ಇದು ನಾ ಅಲ್ಲ, ಹೊಟ್ಟಿ,” ಎನ್ನುತ್ತಿದ್ದರು. ಸಂಜೆ ಹೊಟ್ಟೆ ಕರಗಿಸಲು ತಿರುಗಾಡಲು ಹೊರಟವರು, ಪೂರಾ ಕರಗಿದರೆ ಮನಸ್ಸು ಗಟ್ಟಿಯಾದೀತೆಂಬ ಅಂಜಿಕೆಯಿಂದ ಅರ್ಧ ದಾರಿಯಲ್ಲೇ ಮಿರ್ಚಿ ಭಜಿ ತಿಂದು ಹಿಂತಿರುಗುತ್ತಿದ್ದರು. ಮಧ್ಯಾಹ್ನ ಪೇಪರು ಮುಖದ ಮೇಲೆ ಹಾಕಿಕೊಳ್ಳುವುದನ್ನು ಬಿಟ್ಟಿದ್ದರು. ಹೆಂಡತಿ ಅದನ್ನು ಒಂದು ದಿನ ತಾನೇ ತೆಗೆದಿಟ್ಟ ಮೇಲೆ.

ಉಪ್ಪಿನಕಾಯಿ ಚೆನ್ನಾಗಿ ಕಳಿತು ಭರಣಿ ತೆರೆದ ದಿನ, ಸುಂದರಾಬಾಯಿ ಹಿತ್ತಲ ಕಟ್ಟೆಯ ಮೇಲೆ ಬಿಸಿಲಿಗೆ ಮುಖವೊಡ್ಡಿ ಕೂತರು. ವಾರಕ್ಕೊಮ್ಮೆ ಇಲ್ಲಿ ಒಂದು ಕೆಲಸ ನಡೆಯುತ್ತಿತ್ತು. ಅವರ ಗದ್ದದ ಬಿಳಿ ಕೂದಲುಗಳನ್ನು ವೈಜಯಂತಿ ಕೀಳುತ್ತಿದ್ದಳು. ಅತ್ತೆಯ ಕಣ್ಣು ಮಂಜಾದಾಗಿನಿಂದ ಅವಳ ಕೈಗೆ ಬಂದ ಕೆಲಸ ಅದು. ಇಷ್ಟು ವರ್ಷಗಳಲ್ಲಿ ಇಬ್ಬರೂ ಅದರ ಬಗ್ಗೆ ಒಂದು ಮಾತು ಆಡಿರಲಿಲ್ಲ.

ವೈಜಯಂತಿ ಚಿಮಟಿಗೆ ತಂದಳು. ಸುಂದರಾಬಾಯಿ ಗದ್ದ ಮೇಲೆತ್ತಿದರು. ಚಿಮಟಿಗೆ ಹತ್ತಿರ ಬಂದಾಗ ಅವಳ ಮಣಿಕಟ್ಟು ಹಿಡಿದರು.

“ಆ ಹುಡುಗಿ ಹೇಳಿದ್ದು, ಇವು ಬಂದ್ರ ಒಳಗ ಕೆಲಸ ನಡದದ ಅಂತ, ಹೌದಲ್ಲೇನು?”

“ಹೌದ್ರಿ ಅತ್ಯಾರ.”

“ನನ್ನಷ್ಟು ವಯಸ್ಸಾದವರಿಗೂ?”

“ಗೊತ್ತಿಲ್ರಿ. ಪಟ್ಟಿ ಕಟ್ಟಿ ನೋಡಬೇಕು.”

ಸುಂದರಾಬಾಯಿ ಸೆರಗಿನ ತುದಿಯಿಂದ ಬಾಯೊರೆಸಿಕೊಂಡರು. ಹಿತ್ತಲ ಬಾಗಿಲ ಕಡೆ ಒಮ್ಮೆ ನೋಡಿ, ವಾಮನರಾಯರು ಇಲ್ಲವೆಂದು ಖಾತ್ರಿ ಮಾಡಿಕೊಂಡು ದನಿ ತಗ್ಗಿಸಿದರು.

“ಆಕೀಗೆ ಫೋನ್ ಮಾಡು. ಒಂದಿನ ಬಂದು ನನಗ ಕಟ್ಟಂತ ಹೇಳು.”

“ರಬ್ಬರು ಮಡೀಯೊಳಗ ಬರೂದಿಲ್ಲಲ್ಲ ಅತ್ಯಾರ?”

“ಮಡಿ ಎಲ್ಲಿ ಓಡಿ ಹೋಗ್ತದ, ಮರುದಿನ ಮಾಡಿದ್ರಾತು.” ಮುದುಕಿ ಗದ್ದವನ್ನು ಮತ್ತೆ ಬಿಸಿಲಿಗೆ ಎತ್ತಿದರು. ಬಿಳಿ ಕೂದಲು ಬೆಳ್ಳಿಯ ಹಾಗೆ ಮಿಂಚಿದವು. “ಅಲ್ಲೀತನಕ ಅವು ಹಂಗೇ ಇರಲಿ. ನೀ ಆ ಚಿಮಟಿಗಿ ಒಳಗ ಇಡು.”